ಐಪ್ಯಾಡ್‌ನಲ್ಲಿ ತಿದ್ದಲು ಮೇಷ್ಟ್ರ ಗೆರೆ ಸಾಲದು

ನಮ್ಮ ಚಿಕ್ಕಪ್ಪ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಮೊನ್ನೆ ಮೊಮ್ಮಗಳ ಪ್ರಬಂಧವನ್ನು ಐಪ್ಯಾಡ್‌ನಲ್ಲಿ ತಿದ್ದಲು ಕೂತರು. ತಪ್ಪು ಪದದ ಮೇಲೆ ಒಂದು ಗೆರೆ ಎಳೆದರು. ಪದ ಹೋಗಲಿಲ್ಲ. ಇನ್ನೊಂದು ಎಳೆದರು. ಆಮೇಲೆ ಪೆನ್ಸಿಲ್ ಕೆಳಗಿಟ್ಟು, 'ಕೆಂಪು ಇಂಕೇ ವಾಸಿ ಕಣೋ' ಎಂದರು. ಆಫೀಸಿನಲ್ಲೂ ಇದೇ ಪಾಡು ನೋಡಿದ್ದೇನೆ.

ಮೊದಲು ಸೆಟ್ಟಿಂಗ್ಸ್‌ನಲ್ಲಿ 'ಆಪಲ್ ಪೆನ್ಸಿಲ್' ಎಂದಿರುವುದನ್ನು ಒತ್ತಿ, ಸ್ಕ್ರಿಬಲ್ ಆನ್ ಮಾಡಿ. ಪೆನ್ಸಿಲ್‌ನಲ್ಲಿ ಬರೆದದ್ದನ್ನು ಟೈಪ್ ಮಾಡಿದ ಅಕ್ಷರವಾಗಿಸುವುದು ಇದೇ. 2020ರ ಐಪ್ಯಾಡ್ ಓಎಸ್ 14ರಿಂದ ಇದು ಇದೆ. ರಬ್ಬರ್ ತುದಿಯ ಅಗ್ಗದ ಪೆನ್ನಿಗೆ ಸುಮ್ನೆ ದುಡ್ಡು ಹಾಕಬೇಡಿ. ಐಪ್ಯಾಡ್ ಪಾಲಿಗೆ ಅದೂ ಒಂದು ಬೆರಳು ಅಷ್ಟೆ, ಗೀಚಿದರೆ ಪುಟ ಸರಿಯುತ್ತದೆ.

ನೋಟ್ಸ್ ಆ್ಯಪ್‌ನಲ್ಲಾದರೆ ಪೆನ್ನುಗಳ ಸಾಲಿನಲ್ಲಿ ಇಂಗ್ಲಿಷ್ 'A' ಅಕ್ಷರ ಇರುವುದನ್ನೇ ಆರಿಸಿ. ಬೇರೆ ಪೆನ್ ಹಿಡಿದರೆ ಬರೆದದ್ದು ಚಿತ್ರವಾಗಿಯೇ ಉಳಿಯುತ್ತದೆ.

ಈಗ ಅಳಿಸುವುದು. ಎಲ್ಲರೂ ಎಡವುವುದು ಇಲ್ಲೇ. ಪದದ ಮೇಲೆ ಪೆನ್ಸಿಲ್ ಇಟ್ಟು, ಎತ್ತದೆ, ಹಿಂದಕ್ಕೂ ಮುಂದಕ್ಕೂ ನಾಲ್ಕೈದು ಸಲ ಗೀಚಿ. ಮಗು ಸ್ಲೇಟಿನ ಮೇಲೆ ಗೀಚುತ್ತಲ್ವಾ, ಹಾಗೆ. ಮಧ್ಯೆ ಎತ್ತಿದರೆ ಕೆಟ್ಟಿತು. ಗೀಚಿದ್ದು ಆ ಪದದ ಅಗಲ ದಾಟದಿರಲಿ, ಇಲ್ಲದಿದ್ದರೆ ಪಕ್ಕದ ಪದವೂ ಹೋದೀತು. ಅಕ್ಷರ ಸಣ್ಣದಿದ್ದರೆ ಮೊದಲು ದೊಡ್ಡದು ಮಾಡಿಕೊಳ್ಳಿ. ಜಾಸ್ತಿ ಒತ್ತಬೇಕಿಲ್ಲ. ಚಿಕ್ಕಪ್ಪ ಗಾಜು ಒಡೆಯುವಷ್ಟು ಒತ್ತಿದ್ದರು! ತಪ್ಪಾಗಿ ಅಳಿಸಿದರೆ ಮೂರು ಬೆರಳನ್ನು ತೆರೆಯ ಮೇಲೆ ಎಡಕ್ಕೆ ಸರಿಸಿ, ಪದ ವಾಪಸ್ ಬರುತ್ತದೆ. ಈ ಗೀಚಾಟ ಹೊಸದೇನಲ್ಲ. 1993ರಲ್ಲಿ ಬಂದ ಆಪಲ್‌ನ ಕೈಯಲ್ಲಿ ಹಿಡಿಯುವ ಕಂಪ್ಯೂಟರ್ ನ್ಯೂಟನ್‌ನಲ್ಲೂ ಅಳಿಸುತ್ತಿದ್ದುದು ಹೀಗೇ.

ಅಂಟಿಕೊಂಡ ಎರಡು ಪದ ಬಿಡಿಸಬೇಕೇ? ಅಕ್ಷರಗಳ ನಡುವೆ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆಯಿರಿ. ಕೂಡಿಸಲೂ ಅದೇ ಗೆರೆ, ಆದರೆ ಖಾಲಿ ಜಾಗದ ಮೇಲೆ. ಗೆರೆ ಎಲ್ಲಿ ಬಿತ್ತು ಅನ್ನುವುದರ ಮೇಲೆ ಕೆಲಸ ಬದಲಾಗುತ್ತದೆ, ಹಾಗಾಗಿ ನಿಧಾನ.

ನಡುವೆ ಪದ ಸೇರಿಸಲು ಆ ಜಾಗದಲ್ಲಿ ಪೆನ್ಸಿಲ್ ಅಲುಗಿಸದೆ ಒತ್ತಿ ಹಿಡಿಯಿರಿ. ಜಾಗ ತೆರೆದುಕೊಂಡ ಮೇಲೆ ಬರೆಯಿರಿ. ಆತುರಪಟ್ಟರೆ ಪದ ಎಲ್ಲೆಲ್ಲೋ ಹೋಗಿ ಕೂರುತ್ತದೆ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ತಿದ್ದಲೆಂದೇ ಇರುವ ಆ್ಯಕ್ಷನ್ ಪೆನ್‌ನಲ್ಲಿ ಮಾತ್ರ ಇದಕ್ಕೆ ಬಾಣದ ತುದಿಯಂಥ ಗುರುತು ಹಾಕಬೇಕು. ಮೇಷ್ಟ್ರು ಕಾಪಿಯಲ್ಲಿ ಹಾಕುತ್ತಿದ್ದುದೇ! ಚಿಕ್ಕಪ್ಪನಿಗೆ ಅದೊಂದು ಹಿಡಿಸಿತು.

ಆಂಡ್ರಾಯ್ಡ್ ಇಟ್ಟುಕೊಂಡು ಕನ್ನಡದಲ್ಲೇ ಬರೆಯುವವರು ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ನಲ್ಲಿ ಕನ್ನಡ ಕೈಬರಹದ ಕೀಬೋರ್ಡ್ ಹಾಕಿಕೊಳ್ಳಬಹುದು.

ಎಲ್ಲ ಸರಿಯಿದ್ದೂ ಗೆರೆ ತುಂಡು ತುಂಡಾಗಿ ಬಿದ್ದರೆ ಐಪ್ಯಾಡನ್ನು ಬೈಯಬೇಡಿ. ಪೆನ್ಸಿಲ್ ತುದಿ ಸಡಿಲವಾಗಿರಬಹುದು. ಬೆರಳಿನಿಂದ ತಿರುಗಿಸಿ ಬಿಗಿ ಮಾಡಿ.