ಆಡುಗಳಿಗೆ ಮೊದಲು ಜಾಗ

ಭೀಮೆ ಹುಟ್ಟುವ ಬೆಟ್ಟಗಳ ಮಗ್ಗುಲಲ್ಲಿ, ಪುಣೆ ಜಿಲ್ಲೆಯ ಆಂಬೇಗಾಂವ್ ತಾಲ್ಲೂಕಿನಲ್ಲಿ, ಮಹಾದೇವ ಕೋಳಿ ಆದಿವಾಸಿಗಳ ಮೂವತ್ತೊಂದು ಮನೆಗಳ ವಾಡಿಯೊಂದಿದೆ. ನಾನು ಧಾರವಾಡದವಳು. ಪುಣೆ ಪಕ್ಕದ ಚಿಂಚವಡದಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದ ಮೇಲೆ ತಿಂಗಳಿಗೊಮ್ಮೆ ಅಲ್ಲಿಗೆ ರಕ್ತದೊತ್ತಡ, ಸಕ್ಕರೆ ನೋಡಲು ಹೋಗುತ್ತಿದ್ದೆ. ಮಾಳೀಣ ಅದೇ ತಾಲ್ಲೂಕಿನ ಊರು. 2014ರ ಜುಲೈ 30ರ ಬೆಳಿಗ್ಗೆ ಗುಡ್ಡ ಜಾರಿ ಅಲ್ಲಿ ಸುಮಾರು ನೂರೈವತ್ತು ಜನ ಸತ್ತರು. ಊರು ಕಾಣುತ್ತಿಲ್ಲ ಎಂಬ ಸುದ್ದಿಯನ್ನು ಹೊರಗೆ ಮುಟ್ಟಿಸಿದವನು ಆ ದಾರಿಯ ಬಸ್ಸಿನ ಚಾಲಕ.

ನನ್ನನ್ನು ನಿಜವಾಗಿ ಎಬ್ಬಿಸಿದ್ದು ರಾಯಗಡ ಜಿಲ್ಲೆಯ ಇರ್ಶಾಳವಾಡಿ. 2023ರ ಜುಲೈ 19ರ ರಾತ್ರಿ ಠಾಕರ್ ಆದಿವಾಸಿಗಳ ಆ ವಾಡಿಯ ಮೇಲೆ ಗುಡ್ಡ ಬಿತ್ತು. 27 ಶವಗಳು ಸಿಕ್ಕವು, 57 ಜನ ಸಿಗಲೇ ಇಲ್ಲ. ಕಾಲುದಾರಿಯೊಂದೇ ಇದ್ದುದರಿಂದ ಯಂತ್ರಗಳು ಮೇಲೇರಲಿಲ್ಲ. ಅಪಾಯದ ಊರುಗಳ ಸರ್ಕಾರಿ ಪಟ್ಟಿಯಲ್ಲಿ ಅದರ ಹೆಸರೂ ಇರಲಿಲ್ಲ. ನಮ್ಮ ವಾಡಿಗೂ ಕಾಲುದಾರಿಯೇ ಗತಿ. ರಕ್ಷಣಾ ಪಡೆ ಬರುವ ಮೊದಲಿನ ಗಂಟೆಗಳು ವಾಡಿಯವರ ಕೈಯಲ್ಲೇ ಇವೆ ಎಂದು ನನಗೆ ಆಗ ಮನದಟ್ಟಾಯಿತು.

ಗುಡ್ಡ ಜಾರುವ ಭಯವಿದ್ದಾಗ ಏನು ಮಾಡಬೇಕೆಂಬ ಮೊದಲ ಯೋಜನೆಯನ್ನು ನಾನು ಮನೆಯಲ್ಲಿ ಕುಳಿತು ಬರೆದೆ. ಎಲ್ಲರೂ ಶಾಲೆಗೆ ಓಡಬೇಕು, ತುರ್ತು ಸಂಖ್ಯೆ 112ಕ್ಕೆ ಅಥವಾ ಜಿಲ್ಲೆಯ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಬೇಕು ಎಂದು ಮರಾಠಿಯಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದೆ. ಅಭ್ಯಾಸದ ದಿನ ಶಾಲೆಗೆ ಬಂದವರು ಒಂಬತ್ತು ಜನ. ವಾಡಿಯ ಹಿರಿಯ ಆಜಿಯೊಬ್ಬರು ನನ್ನನ್ನು ಶಾಲೆಯ ಹಿಂಬದಿಗೆ ಕರೆದೊಯ್ದು ಒಣಗಿದ ಹಳ್ಳವನ್ನು ತೋರಿಸಿದರು. ಗುಡ್ಡ ಜಾರಿದರೆ ಮಣ್ಣು ಇಳಿಯುವ ದಾರಿ ಅದೇ, ನೀನು ನಮ್ಮನ್ನು ಅದರ ಬಾಯಿಗೇ ಕೂರಿಸುತ್ತೀಯಲ್ಲ ಎಂದರು. ನನಗೆ ಮೈ ನಡುಗಿತು. ಮಳೆ ಹತ್ತುವಾಗ ಅಲ್ಲಿ ಫೋನಿಗೆ ಸಿಗ್ನಲ್ ಕೂಡ ಇರುವುದಿಲ್ಲ.

ಉಳಿದವರು ಏಕೆ ಬರಲಿಲ್ಲ ಎಂಬುದನ್ನು ಬಿಡಿಸಿ ಹೇಳಿದವನು ಮಂಚರ್‌ನಲ್ಲಿ ಟೆಂಪೊ ಓಡಿಸುವ ವಿಜಯಪುರ ಜಿಲ್ಲೆಯ ಹುಡುಗ. ಔಷಧಿಯ ಪೆಟ್ಟಿಗೆಗಳನ್ನು ಅವನೇ ತರುತ್ತಿದ್ದ. "ಅಕ್ಕಾ, 2020ರಲ್ಲಿ ಭೀಮಾ ನದಿ ನಮ್ಮೂರಿಗೆ ನುಗ್ಗಿದಾಗ ನನ್ನ ಅವ್ವ ಆಡುಗಳನ್ನು ಬಿಟ್ಟು ಬರುವುದಿಲ್ಲ ಎಂದು ಮಾಳಿಗೆ ಹತ್ತಿ ಕುಳಿತಿದ್ದಳು. ಇವರೂ ಹಾಗೆಯೇ. ಮೊದಲು ಆಡುಗಳಿಗೆ ಜಾಗ ಮಾಡಿ" ಎಂದ. ಈ ಬೆಟ್ಟದ ಮಳೆಯೇ ಹರಿದು ಅವನ ಊರನ್ನು ಮುಟ್ಟುತ್ತದೆ ಎಂಬುದು ನನಗೆ ಆ ದಿನ ಬಹಳ ಹೊತ್ತು ಕಾಡಿತು.

ಎರಡನೆಯ ಯೋಜನೆಯನ್ನು ವಾಡಿಯವರೇ ಮಾಡಿದರು, ನಾನು ಬರೆದುಕೊಂಡೆ ಅಷ್ಟೇ. ಅಳಲೆಕಾಯಿ ಒಣಗಿಸುವ ಬಯಲು ದಿಬ್ಬವನ್ನು ಆಜಿ ಆರಿಸಿದರು. ಅದಕ್ಕೆ ಹಳ್ಳವೂ ತಾಗುವುದಿಲ್ಲ, ಮೇಲೆ ಕಡಿದಾದ ಇಳಿಜಾರೂ ಇಲ್ಲ. ಚಿಂಚವಡದ ನಮ್ಮ ಕನ್ನಡ ಬಳಗದವರು ಕೂಡಿಸಿದ ಹಣದಲ್ಲಿ ತಗಡಿನ ಚಪ್ಪರ ಎದ್ದಿತು. ಅದರಲ್ಲಿ ಅರ್ಧ ಆಡುಗಳಿಗೆ, ಅರ್ಧ ಜನರಿಗೆ. ಅರವತ್ತನಾಲ್ಕು ಆಡುಗಳನ್ನು ಯಾವ ದಾರಿಯಲ್ಲಿ ಯಾರು ಹೊಡೆದುಕೊಂಡು ಹೋಗಬೇಕೆಂದು ಮೂರು ಸಂಜೆ ಚರ್ಚೆಯಾಯಿತು. ದನಗಳ ಹಗ್ಗ ಬಿಚ್ಚಿಬಿಡುವುದೆಂದು ತೀರ್ಮಾನವಾಯಿತು. ಪ್ರತಿ ಮನೆಯವರು ಪಕ್ಕದ ಎರಡು ಮನೆಗಳ ಗೋಡೆ ಬಡಿದು ಎಬ್ಬಿಸಬೇಕು, ಏಕೆಂದರೆ ತಗಡಿನ ಮೇಲೆ ಮಳೆ ಸುರಿಯುವಾಗ ಕೂಗು ಕೇಳಿಸುವುದಿಲ್ಲ.

ಮಳೆ ಅಳೆಯಲು ನೇರ ಬದಿಯ ಎರಡು ಲೀಟರ್ ಬಾಟಲಿಯೊಂದನ್ನು ತೆಗೆದುಕೊಂಡೆವು. ಕುತ್ತಿಗೆ ಕತ್ತರಿಸಿ ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿದೆವು. ತಳದ ಉಬ್ಬುತಗ್ಗು ಮುಚ್ಚುವಷ್ಟು ಹರಳು ಮತ್ತು ನೀರು ಹಾಕಿ, ಆ ನೀರಿನ ಮಟ್ಟವನ್ನು ಸೊನ್ನೆಯೆಂದು ಗುರುತಿಸಿ ಮಿಲಿಮೀಟರ್ ಪಟ್ಟಿ ಅಂಟಿಸಿದೆವು. ಒಂಬತ್ತನೆಯ ತರಗತಿಯ ಹುಡುಗಿ ಬೆಳಿಗ್ಗೆ ಎಂಟೂವರೆಗೆ ನೋಡಿ ಅಂಗನವಾಡಿಯ ಗೋಡೆಯ ಮೇಲೆ ಸುಣ್ಣದಕಡ್ಡಿಯಲ್ಲಿ ಬರೆಯುತ್ತಾಳೆ, ಮಳೆ ಜೋರಾದ ದಿನ ಮೂರು ಗಂಟೆಗೊಮ್ಮೆ ನೋಡುತ್ತಾಳೆ. ಹವಾಮಾನ ಇಲಾಖೆ ಇಪ್ಪತ್ನಾಲ್ಕು ಗಂಟೆಯಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ ಮಳೆ ಎನ್ನುತ್ತದೆ. ಅದನ್ನೇ ಹಿಡಿದುಕೊಂಡೆವು. ಮೊದಲ ಗೆರೆಗೆ ಮುದುಕರು, ಬಸುರಿಯರು, ಮಕ್ಕಳು ದಿಬ್ಬಕ್ಕೆ, ಎರಡನೆಯದಕ್ಕೆ ಎಲ್ಲರೂ. ಆಜಿ ಇನ್ನೊಂದು ಮಾತು ಸೇರಿಸಿದರು. ಒರತೆಯ ನೀರು ಕೆಂಪಾದರೆ, ಇಲ್ಲದ ಕಡೆ ನೀರು ಉಕ್ಕಿದರೆ, ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡರೆ, ನೆಲದಲ್ಲಿ ಬಿರುಕು ಕಂಡರೆ ಬಾಟಲಿಯನ್ನು ಕೇಳಬಾರದು, ಹೊರಡಬೇಕು.

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ನಾನು ಅಲ್ಲೇ ಉಳಿದಿದ್ದೆ. ಬಾಟಲಿ 71 ತೋರಿಸುತ್ತಿತ್ತು. ಆಜಿ ಚೊಂಬಿನಲ್ಲಿ ಒರತೆಯ ನೀರು ತಂದು ಲಾಟೀನಿನ ಬೆಳಕಿಗೆ ಹಿಡಿದರು. ಚಹಾದ ಬಣ್ಣ, ತಳದಲ್ಲಿ ಬೆರಳಿನಷ್ಟು ಕೆಸರು. ಯಾರೂ ವಾದಿಸಲಿಲ್ಲ. ಆಡುಗಳು ಮುಂದೆ, ಹುಡುಗರು ಹಿಂದೆ, ಪ್ಲಾಸ್ಟಿಕ್ ಹಾಳೆ ಹೊದ್ದ ಹೆಂಗಸರು, ಇಬ್ಬರ ಹೆಗಲ ಮೇಲೆ ಜೋಲಿಯಲ್ಲಿ ಒಬ್ಬ ಅಜ್ಜ. ಮುಕ್ಕಾಲು ಗಂಟೆಯಲ್ಲಿ ಮೂವತ್ತೊಂದು ಮನೆಯವರೂ ದಿಬ್ಬದ ಮೇಲಿದ್ದರು. ನಾನು ಎರಡು ಸಲ ತಲೆ ಎಣಿಸಿದೆ.

ಆ ರಾತ್ರಿ ಗುಡ್ಡ ಜಾರಲಿಲ್ಲ. ವೃಥಾ ಒದ್ದೆಯಾದೆವು ಎಂದು ಯಾರಾದರೂ ಬೈದರೆ ಮುಂದಿನ ಸಲ ಯಾರೂ ಹೊರಡುವುದಿಲ್ಲ ಎಂದು ನಾನು ಬೆಳಗಿನವರೆಗೂ ಹೆದರಿ ಕುಳಿತಿದ್ದೆ. ಬೆಳಿಗ್ಗೆ ಮನೆಗಳ ಹಿಂದಿನ ಬಿರುಕುಗಳನ್ನು ಹುಡುಕಿ ನೋಡಿ ಬಂದ ಮೇಲೆ ಜನ ಇಳಿದರು. ಹನ್ನೊಂದು ದಿನಗಳ ನಂತರ ಒರತೆ ಮತ್ತೆ ಕೆಂಪಾಯಿತು. ನಾನು ಚಿಂಚವಡದಲ್ಲಿದ್ದೆ. ಮರುದಿನ ಸಿಗ್ನಲ್ ಸಿಕ್ಕ ಮೇಲೆ ಆ ಹುಡುಗಿ ಫೋನ್ ಮಾಡಿದಳು. ಎಲ್ಲರೂ ದಿಬ್ಬದಲ್ಲೇ ಇದ್ದೇವೆ, ಆಡುಗಳು ಈಗ ಅರವತ್ತೈದು, ರಾತ್ರಿ ಚಪ್ಪರದಲ್ಲೇ ಒಂದು ಮರಿ ಹಾಕಿತು ಎಂದಳು.