ಆಯಿಲ್ ಒತ್ತಡ ಬಿದ್ದಿತ್ತು, ಬೇರಿಂಗ್ ಸವೆದಿರಲಿಲ್ಲ

ಮುಳಗುಂದದ ಹತ್ತಿರ ಎರೆಹೊಲದಲ್ಲಿ ರೋಟವೇಟರ್ ಹೊಡೆಯುತ್ತಿದ್ದಾಗ ನಮ್ಮ ಹಳೆಯ ಟ್ರ್ಯಾಕ್ಟರಿನ ಆಯಿಲ್ ಒತ್ತಡ ಕಡಿಮೆ ಎಂದು ಎಚ್ಚರಿಸುವ ದೀಪ ಹತ್ತಿಕೊಂಡಿತು. ಎಂಜಿನ್ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿದೆ. ಮಟ್ಟ ಸರಿಯಾಗಿತ್ತು, ಬೆರಳಿಗೆ ಹಚ್ಚಿ ಮೂಸಿದರೆ ಡೀಸೆಲ್ ವಾಸನೆಯೂ ಇಲ್ಲ, ಅಂದರೆ ಡೀಸೆಲ್ ಬೆರೆತು ಆಯಿಲ್ ತೆಳುವಾಗಿರಲಿಲ್ಲ. ಗದಗಿನಿಂದ ಬಂದ ಮೇಸ್ತ್ರಿ, "ಬೇರಿಂಗ್ ಹೋಗಿದೆ ಗೌಡರೇ, ಎಂಜಿನ್ ಇಳಿಸಬೇಕು" ಎಂದರು. ಉಳ್ಳಾಗಡ್ಡಿ ಮಾರಿದ ಹಣವೆಲ್ಲ ಅಲ್ಲಿಗೇ ಹೋಗುತ್ತಿತ್ತು.

ಎರಡು ದಿನ ತಡೆಯಿರಿ ಎಂದೆ. ದೀಪದ ಸ್ವಿಚ್ ಬಿಚ್ಚಿ, ಅದೇ ತೂತಿಗೆ ಹುಬ್ಬಳ್ಳಿಯಿಂದ ತಂದ ಮುಳ್ಳಿನ ಗೇಜ್ ಕೂರಿಸಿದೆ. ದೀಪ ಸುಳ್ಳು ಹೇಳಿರಲಿಲ್ಲ. ಆದರೆ ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲೂ ಮುಳ್ಳು ಅರ್ಧ ಕಿಲೋ (ಚದರ ಸೆಂಟಿಮೀಟರಿಗೆ) ದಾಟಲಿಲ್ಲ. ಸುಳಿವು ಸಿಕ್ಕಿದ್ದು ಇಲ್ಲಿಯೇ. ಬೇರಿಂಗ್ ಸವೆದಿದ್ದರೆ, ಆಯಿಲ್ ತಣ್ಣಗೆ ದಪ್ಪಗಿರುವಾಗ ಒತ್ತಡ ಸಾಮಾನ್ಯವಾಗಿ ಚೆನ್ನಾಗಿದ್ದು, ಕಾದ ಮೇಲೆ ಇಳಿಯುತ್ತದೆ. ಮೊದಲಿನಿಂದಲೇ ಇಲ್ಲವೆಂದರೆ ಆಯಿಲ್ ಬೇರೆ ದಾರಿ ಹಿಡಿದಿರಬೇಕು, ಇಲ್ಲವೇ ಪಂಪಿಗೆ ತಲುಪುತ್ತಿಲ್ಲ.

ಒತ್ತಡ ಹೆಚ್ಚಾದಾಗ ತೆರೆದು ಆಯಿಲನ್ನು ಸಂಪಿಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಮರಳಿಸುವ ರಿಲೀಫ್ ವಾಲ್ವ್ ನಮ್ಮ ಎಂಜಿನ್ನಿನಲ್ಲಿ ಹೊರಗಿನಿಂದಲೇ ಬಿಚ್ಚಲು ಬರುತ್ತದೆ. ಬೋಲ್ಟ್ ತೆಗೆದಾಗ ಸ್ಪ್ರಿಂಗ್ ಬಂತು, ಆ ದಾರಿ ಮುಚ್ಚುವ ಪ್ಲಂಜರ್ ಬರಲಿಲ್ಲ. ಅಯಸ್ಕಾಂತ ಹಾಕಿ ಎಳೆದೆ. ಅದು ಕೂರುವ ಜಾಗದಲ್ಲಿ ಎಳ್ಳಿನಷ್ಟು ಕೆಂಪು ಗ್ಯಾಸ್ಕೆಟ್ ಅಂಟು! ಹಿಂದಿನ ವರ್ಷ ಸಂಪ್ ಬಿಚ್ಚಿದಾಗ ಯಾರೋ ಧಾರಾಳವಾಗಿ ಬಳಿದಿದ್ದು, ಪಂಪಿನ ಬಾಯಿಯ ಜರಡಿಯ ಕಣ್ಣಿನಿಂದ ನುಸುಳಿ ಬಂದಿತ್ತು. ಆ ಯಾರೋ ನಾನೇ. ವಾಲ್ವ್ ಪೂರ್ತಿ ಮುಚ್ಚದೆ ಆಯಿಲ್ ಸಂಪಿಗೇ ಮರಳುತ್ತಿತ್ತು.

ಸಂಪ್ ಇಳಿಸಿ ಜರಡಿ ತೊಳೆದೆ, ಆಯಿಲ್ ಮತ್ತು ಫಿಲ್ಟರ್ ಬದಲಿಸಿದೆ. ತಣ್ಣಗಿದ್ದಾಗ 4 ಕಿಲೋ. ಅರ್ಧ ಗಂಟೆ ಓಡಿಸಿದ ಮೇಲೆ ನಿಧಾನ ಓಟದಲ್ಲಿ 1.5. ಮೇಸ್ತ್ರಿ ಗೇಜನ್ನೊಮ್ಮೆ ನೋಡಿ, ಚಹಾ ಕುಡಿದು ಹೊರಟರು.