ಜಾವಾಸ್ಕ್ರಿಪ್ಟಲ್ಲಿ ಒಳಗಿನ ಕನ್‌ಸ್ಟ್ರಕ್ಟರ್‌ಗೆ ಹೊರಗಿನ ಆಬ್ಜೆಕ್ಟ್ ತಲುಪಿಸೋದು ಹೇಗೆ?

ಆಟ ಅಂತ ಒಂದು ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಹುಟ್ಟಿಸೋ ಫಂಕ್ಷನ್) ಬರೆದಿದೀರ, ಅದರೊಳಗೆ ನ್ಯೂ ಹಾಕಿ ಆಟಗಾರ ಅನ್ನೋ ಇನ್ನೊಂದು ಕನ್‌ಸ್ಟ್ರಕ್ಟರ್‌ನ ಕರೀತೀರ, ಆಟದ ಸೆಟ್ಟಿಂಗ್ಸ್ ಆಟಗಾರನಿಗೂ ಬೇಕಲ್ಲ ಅಂತ ಆಟಗಾರನೊಳಗೆ ದಿಸ್ ಡಾಟ್ ಸೆಟ್ಟಿಂಗ್ಸ್ ಅಂತ ಕೇಳಿದ್ರೆ ಸಿಗೋದು ಅನ್‌ಡಿಫೈನ್ಡ್, ಅಂದ್ರೆ ಬೆಲೆಯೇ ಇಲ್ಲ! ಜಾವಾಸ್ಕ್ರಿಪ್ಟ್ ಕಲಿಯೋವಾಗ ನಾನು ಇದೇ ಜಾಗದಲ್ಲಿ ಒಂದಿಡೀ ಸಂಜೆ ಕಳೆದಿದೀನಿ, ಅದಕ್ಕೇ ನಿಧಾನವಾಗಿ ಬಿಡಿಸಿ ಬರೀತಿದೀನಿ. (ಕೋಡ್ ಪದಗಳನ್ನ ಉಚ್ಚಾರಣೆಯಂತೆ ಕನ್ನಡದಲ್ಲೇ ಹಾಕಿದೀನಿ, ಟೈಪ್ ಮಾಡೋವಾಗ ಇಂಗ್ಲಿಷಲ್ಲಿ ಮಾಡ್ಕೊಳ್ಳಿ.)

ಕಾರಣ ಇಷ್ಟೇ. ಪ್ರತಿ ನ್ಯೂ ಒಂದು ಹೊಸ ಖಾಲಿ ಆಬ್ಜೆಕ್ಟ್ ಹುಟ್ಟಿಸಿ ಅದನ್ನೇ ದಿಸ್ ಅಂತ ಕೊಡತ್ತೆ. ಹೊರಗಿನ ದಿಸ್ ಬೇರೆ, ಒಳಗಿನದು ಬೇರೆ. ಒಳಗೆ ಕರೆದ ಮಾತ್ರಕ್ಕೆ ಸಂಬಂಧ ಹುಟ್ಟಲ್ಲ, ನಾವೇ ಕಟ್ಟಬೇಕು.

ಮೊದಲ ಹೆಜ್ಜೆ: ಆಟಗಾರ ಫಂಕ್ಷನ್‌ಗೆ ಒಂದು ಪ್ಯಾರಾಮೀಟರ್ ಸೇರಿಸಿ, ಆಟದ ಒಳಗಿಂದ ಕರೆಯೋವಾಗ ನ್ಯೂ ಆಟಗಾರ, ಬ್ರಾಕೆಟ್ ಒಳಗೆ ದಿಸ್ ಅಂತ ಕೊಡಿ. ಆಟಗಾರನೊಳಗೆ ಅದನ್ನ ದಿಸ್ ಡಾಟ್ ಆಟ ಅನ್ನೋ ಪ್ರಾಪರ್ಟಿಲಿ ಇಟ್ಕೊಳ್ಳಿ. ಆಬ್ಜೆಕ್ಟ್ ಇಲ್ಲಿ ಕಾಪಿ ಆಗಲ್ಲ, ಅದರ ರೆಫರೆನ್ಸ್ ಮಾತ್ರ ಹೋಗತ್ತೆ, ಅಂದ್ರೆ ಒಂದೇ ಮನೆಯ ವಿಳಾಸ ಇಬ್ಬರ ಕೈಲಿ ಇದ್ದ ಹಾಗೆ.

ಎರಡನೇದು ಏನನ್ನ ಕೊಡ್ತೀರ ಅನ್ನೋದು, ಜಾಸ್ತಿ ಜನ ಎಡವೋದು ಇಲ್ಲೇ. ಆಟದ ಸ್ಕೋರ್ ಒಂದು ನಂಬರ್ ಅಂದ್ಕೊಳ್ಳಿ. ಆ ನಂಬರನ್ನೇ ಆಟಗಾರನಿಗೆ ಕೊಟ್ರೆ ಆ ಕ್ಷಣದ ಬೆಲೆ ಮಾತ್ರ ಹೋಗತ್ತೆ, ಆಮೇಲೆ ಆಟದಲ್ಲಿ ಸ್ಕೋರ್ 10 ಇದ್ದಿದ್ದು 50 ಆದ್ರೂ ಆಟಗಾರನ ಹತ್ರ 10 ಹಾಗೇ ಕೂತಿರತ್ತೆ. ಸ್ಟ್ರಿಂಗ್, ಬೂಲಿಯನ್‌ಗೂ ಇದೇ ಕಥೆ. ಆದ್ರೆ ಸ್ಕೋರ್ ಇರೋ ಆಬ್ಜೆಕ್ಟನ್ನೇ ಕೊಟ್ಟು, ಬೇಕಾದಾಗ ಅದರೊಳಗಿಂದ ಓದಿದ್ರೆ 50 ಅಂತಲೇ ಬರತ್ತೆ.

ಹಂಚಿದ ಮೇಲೆ ಆ ಆಬ್ಜೆಕ್ಟ್ ಒಳಗಿರೋದನ್ನ ಬೇಕಾದ್ರೆ ಬದಲಾಯಿಸಿ, ಆದ್ರೆ ಅದರ ಜಾಗಕ್ಕೆ ಹೊಸದು ತಂದು ಕೂರಿಸಬೇಡಿ. ಸೆಟ್ಟಿಂಗ್ಸ್ ಡಾಟ್ ಸೌಂಡ್ ಈಕ್ವಲ್ ಫಾಲ್ಸ್ ಅಂದ್ರೆ ಎಲ್ರಿಗೂ ಕಾಣತ್ತೆ, ಅದೇ ದಿಸ್ ಡಾಟ್ ಸೆಟ್ಟಿಂಗ್ಸ್ ಈಕ್ವಲ್ ಅಂತ ಹೊಸ ಆಬ್ಜೆಕ್ಟ್ ಕೊಟ್ರೆ ಸೆಟ್ಟಿಂಗ್ಸನ್ನ ನೇರವಾಗಿ ಇಟ್ಕೊಂಡಿರೋ ಆಟಗಾರರೆಲ್ಲ ಹಳೇದನ್ನೇ ನೋಡ್ತಾ ಇರ್ತಾರೆ, ಎರರ್ ಕೂಡ ಬರಲ್ಲ. ಸ್ಪ್ರೆಡ್ ಅಂದ್ರೆ ಮೂರು ಚುಕ್ಕಿ ಹಾಕಿ ಕಾಪಿ ಮಾಡಿದ್ರೂ ಅಷ್ಟೇ, ಕೊಂಡಿ ತಪ್ಪತ್ತೆ. ಅನುಮಾನ ಬಂದ್ರೆ ಎರಡನ್ನೂ ಮೂರು ಈಕ್ವಲ್ ಹಾಕಿ ಹೋಲಿಸಿ ಕನ್ಸೋಲಲ್ಲಿ ನೋಡಿ, ಒಂದೇ ಆಬ್ಜೆಕ್ಟ್ ಆದ್ರೆ ಮಾತ್ರ ಟ್ರೂ, ಒಳಗಿರೋದು ಅಚ್ಚು ಹೊಡೆದಂಗಿದ್ರೂ ಆಬ್ಜೆಕ್ಟ್ ಬೇರೆ ಆದ್ರೆ ಫಾಲ್ಸ್.

ಸಾಲುಗಳ ಕ್ರಮನೂ ನೋಡ್ಕೊಳ್ಳಿ. ಆಟದ ಮೊದಲ ಸಾಲಲ್ಲೇ ಆಟಗಾರನ್ನ ಹುಟ್ಟಿಸಿ, ಸೆಟ್ಟಿಂಗ್ಸ್‌ಗೆ ಬೆಲೆ ಕೊಡೋದು ಮೂರನೇ ಸಾಲಲ್ಲಿ ಇದ್ರೆ, ಆಟಗಾರನ ಕೈಗೆ ಸಿಕ್ಕಿರೋದು ಅರ್ಧ ಕಟ್ಟಿದ ಮನೆ. ಹುಟ್ಟೋವಾಗಲೇ ಅವನು ಸೆಟ್ಟಿಂಗ್ಸ್ ಕೇಳಿದ್ರೆ ಅನ್‌ಡಿಫೈನ್ಡ್, ಅದನ್ನೇ ತನ್ನ ಪ್ರಾಪರ್ಟಿಲಿ ಇಟ್ಕೊಂಡ್ರೆ ಕೊನೇವರೆಗೂ ಅನ್‌ಡಿಫೈನ್ಡೇ. ಹಂಚೋ ಡೇಟಾ ಮೊದಲು, ಆಟಗಾರರು ಆಮೇಲೆ.

ಇನ್ನು ಹಳೇ ಕೋಡಲ್ಲಿ ವಾರ್ ಸೆಲ್ಫ್ ಈಕ್ವಲ್ ದಿಸ್ ಅಂತ ನೋಡಿರ್ತೀರ, ಆಟಗಾರ ಫಂಕ್ಷನನ್ನ ಆಟದ ಒಳಗೇ ಬರೆದಿದ್ರೆ ಕ್ಲೋಶರ್ (ಒಳಗಿನ ಫಂಕ್ಷನ್‌ಗೆ ಹೊರಗಿನ ಫಂಕ್ಷನ್‌ನ ವೇರಿಯಬಲ್ ಕಾಣೋದು) ಮೂಲಕ ಸೆಲ್ಫ್ ಸಿಗತ್ತೆ, ಕೆಲಸನೂ ಆಗತ್ತೆ, ಆದ್ರೆ ನನಗೆ ಇದು ಇಷ್ಟ ಇಲ್ಲ. ಪ್ರತಿ ಆಟ ಹುಟ್ಟಿದಾಗ್ಲೂ ಹೊಸ ಆಟಗಾರ ಫಂಕ್ಷನ್ ಹುಟ್ಟತ್ತೆ, ಹಾಗಾಗಿ ಒಂದು ಆಟದ ಆಟಗಾರನ್ನ ಇನ್ನೊಂದು ಆಟದ ಕನ್‌ಸ್ಟ್ರಕ್ಟರ್ ಇಟ್ಟು ಇನ್‌ಸ್ಟೆನ್ಸ್‌ಆಫ್ (ಇದು ಆ ಕನ್‌ಸ್ಟ್ರಕ್ಟರ್‌ನಿಂದ ಹುಟ್ಟಿದ್ದಾ ಅನ್ನೋ ಪರೀಕ್ಷೆ) ಕೇಳಿದ್ರೆ ಫಾಲ್ಸ್ ಬರತ್ತೆ. ಹೊರಗಡೆ ಬರೆದು ಪ್ಯಾರಾಮೀಟರಲ್ಲಿ ಕೊಡೋದೇ ಸರಿಯಾದ ದಾರಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. 2015ರಲ್ಲಿ ಬಂದ ಆರೋ ಫಂಕ್ಷನ್ ಹೊರಗಿನ ದಿಸ್ಸನ್ನೇ ಬಳಸತ್ತೆ ನಿಜ, ಆದ್ರೆ ಅದನ್ನ ಕನ್‌ಸ್ಟ್ರಕ್ಟರ್ ಮಾಡೋಕಾಗಲ್ಲ, ನ್ಯೂ ಹಾಕಿದ್ರೆ ಟೈಪ್‌ಎರರ್.

ಕೊನೇದಾಗಿ ಸೇವ್ ಮಾಡೋ ವಿಷಯ. ಆಟದೊಳಗೆ ಆಟಗಾರ, ಆಟಗಾರನೊಳಗೆ ಆಟ, ಹೀಗೆ ಸುತ್ತು ಬಂದಿರತ್ತಲ್ಲ, ಇದನ್ನ ಆಬ್ಜೆಕ್ಟನ್ನ ಪಠ್ಯ ಮಾಡೋ ಜೇಸನ್ ಸ್ಟ್ರಿಂಗಿಫೈಗೆ ಕೊಟ್ರೆ ಸರ್ಕ್ಯುಲರ್ ಅಂತ ಎರರ್ ಕೊಟ್ಟು ನಿಲ್ಲತ್ತೆ. ಕ್ಲಾಸ್ ಬಳಸ್ತಿದ್ರೆ ಆಟ ಅನ್ನೋದನ್ನ ಮುಂದೆ ಹ್ಯಾಶ್ ಚಿಹ್ನೆ ಹಾಕಿ ಪ್ರೈವೇಟ್ ಫೀಲ್ಡ್ ಮಾಡಿ, ಸ್ಟ್ರಿಂಗಿಫೈ ಅದನ್ನ ಮುಟ್ಟೋದೇ ಇಲ್ಲ. ಮಾಮೂಲಿ ಫಂಕ್ಷನ್ ಆದ್ರೆ ಆಬ್ಜೆಕ್ಟ್ ಡಾಟ್ ಡಿಫೈನ್‌ಪ್ರಾಪರ್ಟಿ ಬಳಸಿ ಆ ಪ್ರಾಪರ್ಟಿ ಇಡಿ, ಎನ್ಯೂಮರೇಬಲ್ (ಪ್ರಾಪರ್ಟಿಗಳನ್ನ ಪಟ್ಟಿ ಮಾಡೋವಾಗ ಕಾಣಬೇಕು) ಅಂತ ಹೇಳದೇ ಇದ್ರೆ ಅದು ಫಾಲ್ಸ್ ಆಗೇ ಇರತ್ತೆ, ಆಗ್ಲೂ ಸ್ಟ್ರಿಂಗಿಫೈ ಅದನ್ನ ಬಿಟ್ಟು ಮುಂದೆ ಹೋಗತ್ತೆ.